ಮಂಜಿನ ದ್ವೀಪದಲ್ಲಿ ಮೋಟಾರು ಸೈಕಲ್ ಪಂದ್ಯ

ಇಂಗ್ಲೆಂಡ್ ಮತ್ತು ಐರ್ಲೆಂಡುಗಳ ನಡುವಣ ಕಡಲಿನಲ್ಲಿ ಮ್ಯಾನ್ ಎಂಬ ದ್ವೀಪವೊಂದಿದೆ. ಅದರ ಉದ್ದ ಸುಮಾರು 52 ಕಿಲೋಮೀಟರು. ಅಗಲ ಹೆಚ್ಚೆಂದರೆ 22. ವಿಸ್ತೀರ್ಣ 572 ಚದರ ಕಿಲೋಮೀಟರು. ಕೊಡಗು ಜಿಲ್ಲೆಯನ್ನು ಏಳು ಪಾಲು ಮಾಡಿದರೆ ಒಂದು ಪಾಲಿಗೆ ಹೆಚ್ಚುಕಡಿಮೆ ಸಮನಾಗುವಷ್ಟು ನೆಲ. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 84 ಸಾವಿರ. ಇಷ್ಟು ಸಣ್ಣದಾದರೂ ಈ ದ್ವೀಪ ಬ್ರಿಟನ್ನಿನ ಒಂದು ಜಿಲ್ಲೆಯಲ್ಲ. ಬ್ರಿಟನ್ನಿನ ಸಿಂಹಾಸನಕ್ಕೆ ಅದು ಅಧೀನ. ಆದರೆ ಅದರ ಕಾನೂನು ಅದರದೇ. ಟಿನ್‌ವಾಲ್ಡ್ ಎಂಬ ಅದರ ಶಾಸನಸಭೆ 1979ರಲ್ಲಿ ತನ್ನ ಸಾವಿರ ವರ್ಷದ ಉತ್ಸವವನ್ನು ಆಚರಿಸಿಕೊಂಡಿತು. ಅಲ್ಲಿನ ಬೆಕ್ಕಿಗೆ ಬಾಲವಿಲ್ಲ. ಅಲ್ಲಿನ ಲಾಂಛನ ಒಂದಕ್ಕೊಂದು ಹೆಣೆದುಕೊಂಡ ಮೂರು ಕಾಲುಗಳು. ಎತ್ತ ಎಸೆದರೂ ನಿಂತೇ ನಿಲ್ಲುವುದೆಂಬುದು ಅದರ ಭಾವ. ಮೋಟಾರು ಸೈಕಲ್ ಸವಾರರು ಅದನ್ನು ಶಿರಸ್ತ್ರಾಣದ ಮೇಲೆ ಬರೆಯಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೆಕ್ಕಿಗಿಂತಲೂ ಲಾಂಛನಕ್ಕಿಂತಲೂ ಹೆಚ್ಚಾಗಿ ದ್ವೀಪದವರು ತಮ್ಮದೆಂದು ಹೇಳಿಕೊಳ್ಳುವುದು ಅಲ್ಲಿಯ ಮಂಜನ್ನು. ಹಿಂದೆ ಮ್ಯಾನನನ್ ಎಂಬ ಕಡಲ ದೇವನು ಆ ನೆಲವನ್ನು ಆಳುತ್ತಿದ್ದನಂತೆ. ಶತ್ರುಗಳ ಹಡಗು ದೂರದಲ್ಲಿ ಕಂಡೊಡನೆ ಆತ ತನ್ನ ಮೇಲುಹೊದಿಕೆಯನ್ನು ಬೆಟ್ಟಗಳ ಮೇಲೆ ಹರಡುವನು; ದ್ವೀಪ ಕಣ್ಣಿಗೆ ಕಾಣದಾಗುವುದು. ಈ ಕಾವಲಿಗೆ ಪ್ರಜೆಗಳು ಸಲ್ಲಿಸಬೇಕಾಗಿದ್ದ ಗೇಣಿ ವರ್ಷಕ್ಕೊಮ್ಮೆ ಒಂದಿಷ್ಟು ಜೊಂಡುಹುಲ್ಲು, ಅಷ್ಟೇ. ಇಂದಿಗೂ ಜುಲೈ ತಿಂಗಳಲ್ಲಿ ಟಿನ್‌ವಾಲ್ಡ್ ಸಭೆ ಬಯಲಿನಲ್ಲಿ ಕೂಡುವ ದಿನ, ಮೆರವಣಿಗೆಯ ಹಾದಿಯಲ್ಲಿ ಜೊಂಡನ್ನು ಹಾಸುತ್ತಾರೆ. ಬೇಸಗೆಯಲ್ಲಿ ಲಿವರ್‌ಪೂಲಿನಿಂದ ಪ್ರಯಾಣಿಕರನ್ನು ಕರೆತರುವ ವೇಗದ ಹಡಗಿಗೂ ಆ ದೇವನ ಹೆಸರೇ.

ಶತ್ರುಗಳ ಹಡಗುಗಳು ಬರುವುದು ನಿಂತು ಬಹುಕಾಲವಾಯಿತು. ಹೊದಿಕೆ ಮಾತ್ರ ಈಗಲೂ ಇಳಿಯುತ್ತದೆ. ಆಗಸ್ಟ್ ತಿಂಗಳ ಕೊನೆಯಲ್ಲಿ ಅದು ಇಳಿದಾಗ ಸಿಕ್ಕಿಬೀಳುವವರು ಯಾವ ದಂಡಿನವರೂ ಅಲ್ಲ. ವರ್ಷವಿಡೀ ಕೂಡಿಟ್ಟ ಹಣವನ್ನೂ ರಜೆಯನ್ನೂ ಒಂದು ಪಂದ್ಯಕ್ಕೆ ಸುರಿದು ಬಂದಿರುವ ಹವ್ಯಾಸಿ ಸವಾರರು.

ಮ್ಯಾನ್ ದ್ವೀಪದ ಹೆಸರು ಲೋಕಕ್ಕೆ ತಿಳಿದಿರುವುದು ಮೇ-ಜೂನ್ ತಿಂಗಳುಗಳಲ್ಲಿ ನಡೆಯುವ ಟಿ.ಟಿ. ಪಂದ್ಯಗಳಿಂದ. ಅದಕ್ಕೊಂದು ಕಾನೂನಿನ ಕಥೆಯಿದೆ. 1903ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಮೋಟಾರು ವಾಹನಗಳಿಗೆ ಗಂಟೆಗೆ 20 ಮೈಲಿಯ ಮಿತಿಯನ್ನು ಹಾಕಿತು. ಸಾರ್ವಜನಿಕ ರಸ್ತೆಗಳನ್ನು ಪಂದ್ಯಕ್ಕಾಗಿ ಮುಚ್ಚಲು ಅದು ಒಪ್ಪುವಂತಿರಲಿಲ್ಲ. ತನ್ನ ಕಾನೂನನ್ನು ತಾನೇ ಮಾಡಿಕೊಳ್ಳುವ ದ್ವೀಪ 1904ರಲ್ಲಿ ಒಪ್ಪಿತು. 1907ರ ಮೇ 28ರಂದು ಮೊದಲ ಟಿ.ಟಿ. ಮೋಟಾರು ಸೈಕಲ್ ಪಂದ್ಯ ನಡೆಯಿತು. 1911ರಲ್ಲಿ ಅದು ಬೆಟ್ಟವನ್ನು ಏರಿ ಇಳಿಯುವ ಈಗಿನ ದೀರ್ಘ ಪಥಕ್ಕೆ ಬಂದಿತು. ಕಾರ್ಖಾನೆಗಳ ಯಂತ್ರಗಳು, ಸಂಬಳದ ಸವಾರರು, ಪತ್ರಿಕೆಗಳ ಗದ್ದಲ ಎಲ್ಲವೂ ಅಲ್ಲಿದ್ದುವು. ಕೈಯಿಂದ ಖರ್ಚುಮಾಡಿ ಓಡುವವನಿಗೆ ಅಲ್ಲಿ ಸ್ಥಾನವೆಲ್ಲಿ? ಅಂಥವರಿಗಾಗಿ 1923ರಲ್ಲಿ ಅದೇ ಪಥದ ಮೇಲೆ ಹವ್ಯಾಸಿಗಳ ಪಂದ್ಯವೊಂದನ್ನು ಆರಂಭಿಸಿದರು. ಹವ್ಯಾಸಿ ಯಾರು, ಅಲ್ಲದವನು ಯಾರು ಎಂಬ ಜಗಳ ಮೊದಲಿನಿಂದಲೂ ಬಿಡಲಿಲ್ಲ. ಗೆಳೆಯನ ಅಂಗಡಿಯಿಂದ ಅಗ್ಗವಾಗಿ ಟೈರು ಪಡೆದವನು ಹವ್ಯಾಸಿಯೇ? 1930ರಲ್ಲಿ ಆ ಶಬ್ದವನ್ನೇ ಕೈಬಿಟ್ಟು ಮ್ಯಾಂಕ್ಸ್ ಗ್ರ್ಯಾಂಡ್ ಪ್ರಿ ಎಂದು ಹೆಸರಿಟ್ಟರು. ಹೆಸರು ಹೋದರೂ ಗುಣ ಹೋಗಲಿಲ್ಲ. ಯುದ್ಧದ ವರ್ಷಗಳಲ್ಲಿ ನಿಂತು, 1946ರಲ್ಲಿ ಮರಳಿ ಹುಟ್ಟಿ, 2001ರಲ್ಲಿ ದನಗಳ ಕಾಲುಬಾಯಿ ಜ್ವರಕ್ಕೂ 2020 ಮತ್ತು 2021ರಲ್ಲಿ ಕೋವಿಡ್ಡಿಗೂ ತಲೆಬಾಗಿ, 2023ರಲ್ಲಿ ಅದು ತನ್ನ ಶತಮಾನೋತ್ಸವವನ್ನು ಕಂಡಿತು.

ಇಲ್ಲಿ ಗೆದ್ದು ಮುಂದೆ ದೊಡ್ಡವರಾದವರುಂಟು. ಜೆಫ್ ಡ್ಯೂಕ್ 1949ರಲ್ಲಿ, ಫಿಲ್ ರೀಡ್ 1960ರಲ್ಲಿ, ಹೊಸಬರ ವಿಭಾಗದಲ್ಲಿ ಕಾರ್ಲ್ ಫೋಗರ್ಟಿ 1985ರಲ್ಲಿ ಗೆದ್ದವರು. ಮೂವರೂ ಆಮೇಲೆ ವಿಶ್ವವಿಜೇತರಾದರು. ನಾರ್ಟನ್ ಕಂಪನಿಯ ಪ್ರಸಿದ್ಧ ಪಂದ್ಯದ ಯಂತ್ರಕ್ಕೆ ‘ಮ್ಯಾಂಕ್ಸ್’ ಎಂಬ ಹೆಸರು ಬಂದುದೂ ಇಲ್ಲಿಂದಲೇ. ಆ ನಾರ್ಟನ್ ಹೆಸರನ್ನು 2020ರಲ್ಲಿ ಕೊಂಡದ್ದು ಟಿ.ವಿ.ಎಸ್. ಸಂಸ್ಥೆ. ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಅದರ ಕಾರ್ಖಾನೆಯಿರುವುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ.

ಆದರೆ ಈ ಪಂದ್ಯವನ್ನು ತಿಳಿಯಬೇಕಾದರೆ ಡ್ಯೂಕನನ್ನಾಗಲಿ ರೀಡನನ್ನಾಗಲಿ ನೋಡಿ ಪ್ರಯೋಜನವಿಲ್ಲ. ಯಾದಿಯಲ್ಲಿ ನಲವತ್ತನೆಯವನೋ ಐವತ್ತನೆಯವನೋ ಆಗಿ ಹೊರಡುವ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಉತ್ತರ ಇಂಗ್ಲೆಂಡಿನ ಒಬ್ಬ ಬಡಗಿ ಎನ್ನೋಣ. ಇಂಥವರು ಪ್ರತಿವರ್ಷ ಹತ್ತಾರು ಮಂದಿ ಬರುತ್ತಾರೆ. ಒಬ್ಬನ ಕಥೆ ಬಹುಮಟ್ಟಿಗೆ ಉಳಿದವರ ಕಥೆಯೂ ಹೌದು. ಈತನಿಗೆ ಮೂವತ್ತೆಂಟು ವಯಸ್ಸು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. 650 ಸಿ.ಸಿ.ಯ ಎರಡು ಸಿಲಿಂಡರಿನ ಯಂತ್ರವೊಂದನ್ನು ಚಳಿಗಾಲದ ರಾತ್ರಿಗಳಲ್ಲಿ ಬಿಚ್ಚಿ ಕೂಡಿಸಿದ್ದಾನೆ. ಹೇಶಮ್ ಬಂದರಿನಲ್ಲಿ ಅದನ್ನು ವ್ಯಾನಿನೊಡನೆ ಹಡಗಿಗೆ ಏರಿಸಿ, ಮೂರೂಮುಕ್ಕಾಲು ಗಂಟೆ ಕಡಲ ಮೇಲೆ ತೂಗಾಡಿ, ರಾಜಧಾನಿಯಾದ ಡಗ್ಲಾಸಿಗೆ ಬಂದಿದ್ದಾನೆ. ತಮ್ಮನೇ ಮೆಕ್ಯಾನಿಕ್ಕು. ವ್ಯಾನೇ ಮಲಗುವ ಮನೆ, ಅಡುಗೆಯ ಮನೆ, ಯಂತ್ರಾಗಾರ. ಹೊರಗೆ ಒಂದು ಟಾರ್ಪಾಲು. ಗೆದ್ದರೆ ಬರುವ ಹಣದಿಂದ ಪೆಟ್ರೋಲಿನ ಲೆಕ್ಕವೂ ತೀರದು. ಗೆಲ್ಲುವ ಆಸೆಯೂ ಅವನಿಗಿಲ್ಲ. ಅವನ ಆಸೆ ಎರಡು. ಗೆದ್ದವನ ಕಾಲಕ್ಕೆ ನಿಗದಿಯಾದಷ್ಟು ಸಮೀಪದಲ್ಲಿ ಮುಗಿಸಿದವರಿಗೆ ಕೊಡುವ ಪುಟ್ಟ ಪ್ರತಿಕೃತಿ ಪಾರಿತೋಷಕ ಒಂದು. ಗಂಟೆಗೆ 100 ಮೈಲಿ ಸರಾಸರಿಯ ಒಂದು ಸುತ್ತು ಇನ್ನೊಂದು. ಟಿ.ಟಿ.ಯಲ್ಲಿ ಬಾಬ್ ಮೆಕಿಂಟೈರ್ ಮೊದಲ ಬಾರಿಗೆ ಆ ಸರಾಸರಿಯನ್ನು ಸಾಧಿಸಿದ್ದು 1957ರಲ್ಲಿ. 2023ರಲ್ಲಿ ಪೀಟರ್ ಹಿಕ್‌ಮನ್ 136 ಮೈಲಿಯನ್ನೂ ದಾಟಿದ. ಬಡಗಿಗೆ 100 ಸಾಕು.

ಪಥದ ಉದ್ದ 37.73 ಮೈಲಿ, ಅಂದರೆ 60 ಕಿಲೋಮೀಟರಿಗಿಂತ ತುಸು ಹೆಚ್ಚು. ತಿರುವುಗಳು ಇನ್ನೂರಕ್ಕೂ ಮೇಲೆ. ನೂರರ ಸರಾಸರಿ ಎಂದರೆ ಈ ಸುತ್ತನ್ನು 22 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಬೇಕು. ಇದು ಪಂದ್ಯಕ್ಕೆಂದು ಕಟ್ಟಿದ ಬಯಲು ಅಲ್ಲ. ಬೆಳಗ್ಗೆ ಬಸ್ಸು ಓಡಿದ, ಮಕ್ಕಳು ಶಾಲೆಗೆ ನಡೆದ, ಹಾಲಿನ ಗಾಡಿ ನಿಂತ ರಸ್ತೆ. ಮಧ್ಯಾಹ್ನ ಅದನ್ನು ಮುಚ್ಚುತ್ತಾರೆ. ಐನೂರಕ್ಕೂ ಹೆಚ್ಚು ಸ್ವಯಂಸೇವಕರು ಬಾವುಟ ಹಿಡಿದು ತಮ್ಮ ತಮ್ಮ ತಿರುವುಗಳಲ್ಲಿ ನಿಂತ ಮೇಲೆಯೇ ಪಂದ್ಯ. ಬ್ರೇ ಹಿಲ್ಲಿನ ಇಳಿಜಾರಿನಲ್ಲಿ ಮನೆಗಳ ಗೇಟುಗಳ ನಡುವೆ ನೂರೈವತ್ತು ಮೈಲಿಗೆ ಹತ್ತಿರದ ವೇಗದಲ್ಲಿ ಧುಮುಕುವುದು. ಗ್ಲೆನ್ ಹೆಲೆನ್ನಿನ ಮರಗಳ ಕತ್ತಲಿನಲ್ಲಿ ಹಾವಿನಂತೆ ಹೊರಳುವುದು. ಕರ್ಕ್ ಮೈಕೆಲ್ ಹಳ್ಳಿಯ ಅಂಗಡಿಬೀದಿಯ ಗೋಡೆಗಳಿಗೆ ಸದ್ದನ್ನು ಹೊಡೆಯುವುದು. ಬಲಾಫ್ ಸೇತುವೆಯ ಗೂನಿನ ಮೇಲೆ ಎರಡು ಚಕ್ರಗಳೂ ನೆಲ ಬಿಡುವುದು. ಆಮೇಲೆ ಸಲ್ಬಿಯ ನೇರ ದಾರಿ. ಆಮೇಲೆ ರಾಮ್ಸಿ ಪಟ್ಟಣ.

ರಾಮ್ಸಿ ಕಡಲಿನ ಮಟ್ಟದಲ್ಲಿದೆ. ಅಲ್ಲಿಂದ ರಸ್ತೆ ಬೆಟ್ಟವನ್ನೇರುತ್ತದೆ. ಗೂಸ್‌ನೆಕ್ ತಿರುವು, ಜಿಮ್ಮಿ ಗತ್ರಿಯ ಸ್ಮಾರಕ, ಮೌಂಟನ್ ಮೈಲ್, ವೆರಾಂಡಾ, ಬಂಗಲೋ. ಎಂಟು-ಹತ್ತು ಮೈಲಿಗಳಲ್ಲಿ 422 ಮೀಟರು ಎತ್ತರದ ಬ್ರ್ಯಾಂಡಿವೆಲ್ಲನ್ನು ಮುಟ್ಟುತ್ತದೆ. ವೆರಾಂಡಾ, ಬಂಗಲೋ ಎಂಬ ಎರಡೂ ಮಾತುಗಳು ಭಾರತದಿಂದ ಇಂಗ್ಲಿಷಿಗೆ ಹೋದುವು. ಐರಿಷ್ ಸಮುದ್ರದ ನಡುವೆ, ಕುರಿಗಳಲ್ಲದೆ ಬೇರೆ ಪ್ರಾಣಿ ಕಾಣದ ಆ ಬೋಳುಗುಡ್ಡದಲ್ಲಿ ಅವು ಹೋಗಿ ಕುಳಿತಿರುವುದು ವಿನೋದವೇ ಸರಿ. ಪಕ್ಕದಲ್ಲೇ ಸ್ನೇಫೆಲ್ ಶಿಖರ, 621 ಮೀಟರು. ದ್ವೀಪದವರು ಇದನ್ನು ಬೆಟ್ಟವೆಂದು ಗೌರವದಿಂದ ಕರೆಯುತ್ತಾರೆ. ಬೆಂಗಳೂರಿನ ನೆಲವೇ ಇದಕ್ಕಿಂತ ಎತ್ತರವಾಗಿದೆ ಎಂದು ಹೇಳಿ ಅವರ ಮನಸ್ಸನ್ನು ನೋಯಿಸಬಾರದು. ನಿರ್ಮಲವಾದ ದಿನ ಆ ತುದಿಯಲ್ಲಿ ನಿಂತರೆ ಏಳು ರಾಜ್ಯಗಳು ಕಾಣುತ್ತವೆಂದು ಅವರ ಮಾತು: ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್, ಮ್ಯಾನ್, ಉಳಿದೆರಡು ಕಡಲು ಮತ್ತು ಸ್ವರ್ಗ.

ನಿರ್ಮಲವಾದ ದಿನ ಎಂದಾಗ ಅದೇ ಕಷ್ಟ. ನೈಋತ್ಯದ ಗಾಳಿ ಕಡಲಿನ ತೇವವನ್ನು ಹೊತ್ತು ಬರುತ್ತದೆ. ಅಡ್ಡಬಂದ ಗುಡ್ಡವನ್ನು ಏರಬೇಕಾಗುತ್ತದೆ, ಏರಿದಂತೆ ತಣಿಯುತ್ತದೆ, ತಣಿದ ತೇವ ಮೋಡವಾಗಿ ಅಲ್ಲೇ ಕೂರುತ್ತದೆ. ಎತ್ತರ ಸಾಲದೆಂದು ನಕ್ಕವರಿಗೆ ಇಲ್ಲಿ ಉತ್ತರವಿದೆ: ಕಡಲಿನ ಮಟ್ಟದಿಂದ ಒಮ್ಮೆಗೇ ಎದ್ದು ನಿಂತ ಗುಡ್ಡಕ್ಕೆ ಮುನ್ನೂರು ಮೀಟರೇ ಸಾಕು. ಆಗುಂಬೆಯ ಘಾಟಿಯನ್ನು ಹತ್ತಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಗುಡ್ಡದ ಆಚೆಯ ರಾಮ್ಸಿಯಲ್ಲಿ ಬಿಸಿಲಿರಬಹುದು. ಈಚೆಯ ಡಗ್ಲಾಸಿನಲ್ಲಿ ಜನ ಐಸ್‌ಕ್ರೀಮು ತಿನ್ನುತ್ತಿರಬಹುದು. ನಡುವಣ ಏಳೆಂಟು ಮೈಲಿಗಳಲ್ಲಿ ಹತ್ತು ಮಾರು ಮುಂದೆ ಏನಿದೆಯೆಂದು ತಿಳಿಯದು. ಒಂದೇ ಸುತ್ತಿನಲ್ಲಿ ಸವಾರ ಮೂರು ಋತುಗಳನ್ನು ಹಾಯಬೇಕು. ಬೇರೆ ಪಂದ್ಯಗಳಲ್ಲಿ ಹವೆಯು ಕೆಟ್ಟಿತೆಂದರೆ ಎಲ್ಲೆಲ್ಲಿಯೂ ಕೆಟ್ಟಿರುತ್ತದೆ. ಅದಕ್ಕೆ ತಕ್ಕ ಟೈರನ್ನು ಹಾಕಿಕೊಂಡರಾಯಿತು. ಇಲ್ಲಿ ಒಂದು ಜೊತೆ ಟೈರಿನಲ್ಲಿ ಮೂರು ಊರಿನ ಹವೆಗೆ ಉತ್ತರ ಕೊಡಬೇಕು.

ಶುಕ್ರವಾರ ಸಂಜೆ ಕೊನೆಯ ಅಭ್ಯಾಸ. ಆ ಸಂಜೆ ತೊಂದರೆ ಕೊಟ್ಟದ್ದು ಮಳೆಯಲ್ಲ, ಬಿಸಿಲು. ಡಗ್ಲಾಸಿನಿಂದ ಬ್ಯಾಲಕ್ರೇನಿನವರೆಗೆ ರಸ್ತೆ ಪಶ್ಚಿಮಕ್ಕೆ ಓಡುತ್ತದೆ. ಇಳಿಹೊತ್ತಿನ ಸೂರ್ಯ ಅದರ ತುದಿಯಲ್ಲೇ ಕುಳಿತಿರುತ್ತಾನೆ. ಮುಖಕವಚದ ಮೇಲೆ ಸತ್ತ ನೊಣಗಳು. ಅವುಗಳ ಮೇಲೆ ಬಿಸಿಲು ಬಿದ್ದು ಎಲ್ಲವೂ ಬಂಗಾರದ ಹೊಗೆಯಾಗುತ್ತದೆ. ಗ್ರೀಬಾದ ಬಳಿ ಬಡಗಿ ರಸ್ತೆಯನ್ನು ಕಣ್ಣಿನಿಂದಲ್ಲ, ನೆನಪಿನಿಂದ ಓದಿದ. ಇದು ಅವನ ಮೂರನೆಯ ವರ್ಷ. ಮೊದಲ ವರ್ಷ ಬಂದವರಿಗೆ ಕಿತ್ತಳೆ ಬಣ್ಣದ ಅಂಗಿಯನ್ನು ತೊಡಿಸಿ, ಅನುಭವಿ ಮಾರ್ಷಲರ ಬೆನ್ನಿಗೆ ಕಟ್ಟಿ ಮೊದಲ ಸುತ್ತನ್ನು ತೋರಿಸುತ್ತಾರೆ. ಆಮೇಲೆ ಕಲಿಯುವುದು ಅವರವರ ಪಾಡು. ಈತ ಚಳಿಗಾಲವೆಲ್ಲ ಚಲನಚಿತ್ರಗಳನ್ನು ನೋಡಿ, ಬಾಯಿಪಾಠ ಒಪ್ಪಿಸುವ ಹುಡುಗನಂತೆ ತಿರುವುಗಳನ್ನು ಒಂದೊಂದಾಗಿ ಹೇಳಿಕೊಂಡಿದ್ದಾನೆ. ಆ ಸಂಜೆ ಅವನಿಗೆ ಸಿಕ್ಕ ಸರಾಸರಿ ಗಂಟೆಗೆ 98 ಮೈಲಿಗಳಿಗೆ ಸಮೀಪ. ರಾತ್ರಿ ವ್ಯಾನಿನಲ್ಲಿ ಅಣ್ಣತಮ್ಮಂದಿರು ಉಳಿದ ಅರ್ಧ ನಿಮಿಷವನ್ನು ಎಲ್ಲಿ ಹುಡುಕುವುದೆಂದು ಮಾತಾಡಿಕೊಂಡರು.

ಶನಿವಾರ ಬೆಳಗ್ಗೆ ಡಗ್ಲಾಸಿನಲ್ಲಿ ಆಕಾಶ ತಿಳಿಯಾಗಿತ್ತು. ಬೆಟ್ಟವಿರಲಿಲ್ಲ. ಅಂದರೆ ಬೆಟ್ಟವಿರಬೇಕಾದ ಎಡೆಯಲ್ಲಿ ಬಿಳಿಯ ಗೋಡೆಯೊಂದು ನಿಂತಿತ್ತು. ಪಂದ್ಯ ಒಂದು ಗಂಟೆ ತಡ ಎಂದು ಧ್ವನಿವರ್ಧಕ ಹೇಳಿತು. ಸವಾರರು ಚರ್ಮದ ಉಡುಪನ್ನು ಅರ್ಧಕ್ಕೆ ಕಳಚಿ ಸೊಂಟಕ್ಕೆ ಕಟ್ಟಿಕೊಂಡು ಚಹಾ ಕುಡಿದರು. ಇನ್ನೊಂದು ಗಂಟೆ. ಮತ್ತೊಂದು ಗಂಟೆ. ಈ ಕಾಯುವಿಕೆಯ ವಿಷಯವನ್ನು ಪಂದ್ಯದ ವರದಿಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ವಾಸ್ತವವಾಗಿ ಹವ್ಯಾಸಿಯ ಮೂರು ದಿನಗಳ ಬಹುಭಾಗ ಇದೇ. ಅವನು ಟೈರಿಗೆ ಬಿಸಿಯ ಹೊದಿಕೆಯನ್ನು ಹಾಕುತ್ತಾನೆ, ತೆಗೆಯುತ್ತಾನೆ. ಬೆಟ್ಟದ ಕಡೆ ನೋಡುತ್ತಾನೆ. ಬೇರೆಯವರು ಯಾವ ಟೈರನ್ನು ಹಾಕಿದ್ದಾರೆಂದು ಓರೆಗಣ್ಣಿನಿಂದ ನೋಡುತ್ತಾನೆ. ಅವರೂ ಅವನದನ್ನು ನೋಡುತ್ತಾರೆ. ಊಟ ಸೇರದು. ಭಯವನ್ನು ಮನಸ್ಸು ಒಂದು ಹೊತ್ತಿಗೆಂದು ಅಣಿಮಾಡಿಕೊಂಡಿರುತ್ತದೆ. ಆ ಹೊತ್ತು ಮುಂದೆ ಮುಂದೆ ಜರುಗಿದಂತೆ ಮತ್ತೆ ಮತ್ತೆ ಮೊದಲಿನಿಂದ ಅಣಿಯಾಗಬೇಕು.

ಮಂಜಿನಲ್ಲಿ ಓಡಿಸಬಾರದೆ ಎಂದು ಕೇಳುವವರಿಗೆ ದ್ವೀಪದ ಇತಿಹಾಸ ಉತ್ತರ ಕೊಡುತ್ತದೆ. 1934ರ ಟಿ.ಟಿ.ಯಲ್ಲಿ, ಹಿಂದೆ ಅದೇ ವಿಭಾಗದಲ್ಲಿ ಗೆದ್ದಿದ್ದ ಸಿಡ್ ಕ್ರ್ಯಾಬ್‌ಟ್ರೀ ಬೆಟ್ಟದ ಮಂಜಿನೊಳಗೆ ಹೋದವನು ಹೊರಗೆ ಬರಲಿಲ್ಲ. ಮರುವರ್ಷ, ಮೋಟಾರು ಸೈಕಲ್ಲಿನ ಮೇಲೆಯೇ ಪಥದುದ್ದಕ್ಕೂ ಸಂಚರಿಸಿ ನೋಡಿಕೊಳ್ಳುವ ಮಾರ್ಷಲರ ಪದ್ಧತಿ ಜಾರಿಗೆ ಬಂದಿತು. ಅದೇ 1935ರಲ್ಲಿ ಮುಖ್ಯ ಪಂದ್ಯವನ್ನು ಮೊದಲ ಬಾರಿಗೆ ಹವೆಯ ಕಾರಣದಿಂದ ಶುಕ್ರವಾರದಿಂದ ಶನಿವಾರಕ್ಕೆ ಮುಂದೂಡಿದರು. ಮರುದಿನ ಮೊದಲಿಗನಾಗಿ ಹೊರಟು ಮೊದಲಿಗನಾಗಿ ಮುಗಿಸಿದ ಜಿಮ್ಮಿ ಗತ್ರಿಯನ್ನು ಜನ ಅಭಿನಂದಿಸಿಯೂ ಆಗಿತ್ತು. ಬಹಳ ಹಿಂದೆ ಹೊರಟಿದ್ದ ಸ್ಟ್ಯಾನ್ಲಿ ವುಡ್ಸ್ ಬಂದು ನಾಲ್ಕು ಸೆಕೆಂಡುಗಳಿಂದ ಗೆದ್ದ. ಗತ್ರಿ 1937ರಲ್ಲಿ ಜರ್ಮನಿಯ ಪಂದ್ಯದಲ್ಲಿ ತೀರಿಕೊಂಡ. ತನ್ನ ಕೊನೆಯ ಟಿ.ಟಿ.ಯಲ್ಲಿ ಯಂತ್ರ ಕೈಕೊಟ್ಟು ಅವನು ನಿಂತ ಎಡೆಯಲ್ಲೇ ಅವನ ಸ್ಮಾರಕವಿದೆ. 1963ರಿಂದ ಗಾಯಗೊಂಡವರನ್ನು ಎತ್ತಿಕೊಂಡು ಹೋಗಲು ಹೆಲಿಕಾಪ್ಟರು ಬಂದಿತು. ಈಗ ಮಂಜಿನಲ್ಲಿ ಪಂದ್ಯ ನಡೆಯದಿರುವುದಕ್ಕೆ ಮೊದಲ ಕಾರಣ ಸವಾರನಿಗೆ ದಾರಿ ಕಾಣದೆಂಬುದಲ್ಲ. ಬಿದ್ದವನ ಬಳಿಗೆ ಹೆಲಿಕಾಪ್ಟರು ಇಳಿಯಲಾರದೆಂಬುದು.

1911ರಿಂದ ಈ ಪಥದ ಮೇಲೆ ಸತ್ತ ಸವಾರರು 260ಕ್ಕೂ ಹೆಚ್ಚು. ಪಂದ್ಯ ಹೊರಡುವ ಎಡೆಯ ಎದುರಿಗೆ, ರಸ್ತೆಯ ಆ ಬದಿಯಲ್ಲೇ, ಊರಿನ ಸ್ಮಶಾನವಿದೆ. ಅದನ್ನು ಯಾರೂ ಮರೆಮಾಡಿಲ್ಲ. ಸಂಸಾರಸ್ಥನೊಬ್ಬ ಇದಕ್ಕೆ ಬರುವುದನ್ನು ಹುಚ್ಚು ಎಂದವರನ್ನು ಯಾರೂ ತಪ್ಪುಗಾರರೆನ್ನಲಾರರು. ಹಣದ ಆಸೆಯಿಂದ ಪ್ರಾಣವನ್ನು ಪಣಕ್ಕಿಡುವವನನ್ನು ಲೋಕ ಸುಲಭವಾಗಿ ಅರ್ಥಮಾಡಿಕೊಳ್ಳುತ್ತದೆ. ಕೈಯಿಂದ ಹಣ ತೆತ್ತು ಪಣಕ್ಕಿಡುವವನನ್ನಲ್ಲ. ಆದರೆ ಇದೇ ಬಡಗಿಯನ್ನು ಹತ್ತಿರದಿಂದ ನೋಡಿದರೆ ಅವನು ಸಾವನ್ನು ಕೆಣಕುವವನಂತೆ ಕಾಣುವುದಿಲ್ಲ. ಪ್ರತಿಯೊಂದು ಬೋಲ್ಟಿಗೂ ತಂತಿಯ ಬೀಗ ಹಾಕಿ, ಅದರ ಮೇಲೆ ಬಣ್ಣದ ಗುರುತಿಟ್ಟು, ಎರಡು ಸಲ ನೋಡಿಕೊಳ್ಳುವವನು. ಡಗ್ಲಾಸಿನ ಹೊರಗೆ ಯಕ್ಷಿಣಿಯರ ಸೇತುವೆಯೆಂಬುದುಂಟು; ಅದನ್ನು ದಾಟುವವರು ಅಲ್ಲಿನ ಕಾಣದ ಜನಕ್ಕೆ ನಮಸ್ಕಾರ ಹೇಳಬೇಕೆಂದು ವಾಡಿಕೆ. ಸವಾರರು ಅದನ್ನು ತಪ್ಪಿಸುವುದಿಲ್ಲ. ಈ ಬಡಗಿ ದೇವರ ಮಾತೆತ್ತಿದರೆ ನಗುವವನು. ಆದರೂ ಹೋಗಿ, ಯಾರೂ ಇಲ್ಲದಾಗ, ಟೊಪ್ಪಿಗೆ ತೆಗೆದು ಬಂದಿದ್ದಾನೆ.

ಅವನ ನಿಜವಾದ ಅಪಾಯ ಬೇರೆ ಕಡೆ ಇದೆ. ಸಂಬಳದ ಸವಾರನಿಗೆ ಮುಂದಿನ ವಾರ ಇನ್ನೊಂದು ಪಂದ್ಯವುಂಟು, ಬೇಡವೆನಿಸಿದರೆ ಬಿಡಬಹುದು. ಇವನಿಗೆ ವರ್ಷಕ್ಕೆ ಒಂದು. ಹಡಗಿನ ಬಾಡಿಗೆ, ಪ್ರವೇಶಧನ, ಟೈರುಗಳು, ಸಂಬಳವಿಲ್ಲದ ರಜೆ, ಮಕ್ಕಳಿಗೆ ಕೊಡಿಸದೆ ಉಳಿಸಿದ ಬೇಸಗೆಯ ಪ್ರವಾಸ ಎಲ್ಲವೂ ಈ ಒಂದು ಮಧ್ಯಾಹ್ನದ ಮೇಲೆ ಬಿದ್ದಿವೆ. ಹವೆ ಆ ಮಧ್ಯಾಹ್ನವನ್ನು ತಿಂದು ಅರ್ಧ ಉಳಿಸಿಕೊಟ್ಟಾಗ, ಉಳಿದ ಅರ್ಧದಲ್ಲಿ ಪೂರ್ತಿಯನ್ನು ಗಳಿಸಿಬಿಡೋಣ ಎಂಬ ಆಸೆ ಬಲಿಯುತ್ತದೆ. ಬೆಟ್ಟದ ಮೇಲೆ ಸವಾರನ ಬಲಗೈಯನ್ನು ತಿರುಗಿಸುವುದು ಧೈರ್ಯವಲ್ಲ, ಎಷ್ಟೋ ವೇಳೆ ಈ ಲೆಕ್ಕ.

ಮಧ್ಯಾಹ್ನ ಮೂರು ಗಂಟೆಗೆ ಪಂದ್ಯವನ್ನು ಸೋಮವಾರಕ್ಕೆ ಹಾಕಿದರು. ರಸ್ತೆ ತೆರೆಯಿತು, ಬಸ್ಸುಗಳು ಹೊರಟವು. ಭಾನುವಾರ ಇಡೀ ದಿನ ಸಣ್ಣ ಮಳೆ.

ಆಗಸ್ಟಿನ ಕೊನೆಯ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ಬೇಲಿಯ ಮೇಲೆ, ಚರ್ಚಿನ ಗೋಡೆಯ ಮೇಲೆ, ಹೋಟೆಲುಗಳ ಹುಲ್ಲಿನ ಮೇಲೆ ಜನ ಬುತ್ತಿ ಕಟ್ಟಿಕೊಂಡು ಕುಳಿತಿದ್ದರು. ಮೋಡ ಬೆಟ್ಟದ ತಲೆಯಿಂದ ಮೇಲಕ್ಕೆ ಸರಿದಿತ್ತು. ಎಷ್ಟು ಹೊತ್ತಿಗೆಂದು ಯಾರೂ ಹೇಳುವಂತಿರಲಿಲ್ಲ. ಸುತ್ತುಗಳನ್ನು ಕಡಿಮೆ ಮಾಡಿದರು. ಮರಗಳ ಕೆಳಗೆ ರಸ್ತೆ ಇನ್ನೂ ತೇವ, ಬೆಟ್ಟದ ಮೇಲೆ ಗಾಳಿಗೆ ಒಣಗಿದೆ, ವಿಂಡಿ ಕಾರ್ನರಿನಲ್ಲಿ ಅಡ್ಡಗಾಳಿ ಎಂದು ವರದಿ. ಬಡಗಿ ಹಿಂದಿನ ಚಕ್ರಕ್ಕೆ ನುಣ್ಣನೆಯ ಟೈರನ್ನೂ ಮುಂದಿನದಕ್ಕೆ ಅಲ್ಲಲ್ಲಿ ಗೀರು ಕೊರೆದ ನಡುವಣ ಬಗೆಯದನ್ನೂ ಹಾಕಿದ. ಒಣನೆಲವನ್ನು ನುಣ್ಣನೆಯ ರಬ್ಬರು ಗಟ್ಟಿಯಾಗಿ ಕಚ್ಚುತ್ತದೆ. ನೀರು ನಿಂತಲ್ಲಿ ಅದು ಸಾಬೂನಿನ ಮೇಲೆ ಕಾಲಿಟ್ಟಂತೆ. ಹತ್ತು ಹತ್ತು ಸೆಕೆಂಡಿಗೆ ಸವಾರರನ್ನು ಬಿಡುತ್ತಾರೆ. ಅವನ ಭುಜ ತಟ್ಟಿದರು, ಹೊರಟ.

ಗ್ಲೆನ್ ಹೆಲೆನ್ನಿನ ಮರಗಳಿಂದ ಹನಿ ಉದುರುತ್ತಿತ್ತು. ಬಿಳಿಯ ಗೆರೆಗಳಿಂದ ದೂರವಿದ್ದು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿಕೊಂಡು ದಾಟಿದ. ಬಲಾಫಿನ ಆಚೆ ರಸ್ತೆ ಬಿಳಿಚಿ ಒಣಗಿತ್ತು. ಸಲ್ಬಿಯಲ್ಲಿ ಯಂತ್ರ ತನ್ನ ಪೂರ್ತಿ ಕಂಠವನ್ನು ತೆರೆಯಿತು. ರಾಮ್ಸಿಯಲ್ಲಿ ಬಿಸಿಲು. ಬೆಟ್ಟ ಪೂರ್ತಿ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಆ ರಸ್ತೆಯಷ್ಟು ಚೆಲುವಾದುದು ಬೇರೆ ಇರಲಾರದೆಂದು ಸವಾರರು ಹೇಳುತ್ತಾರೆ: ಎಡಕ್ಕೆ ಕಣ್ಣು ಹರಿಯುವಷ್ಟು ದೂರ ಹುಲ್ಲಿನ ಇಳಿಜಾರು, ಕೆಳಗೆ ಕಡಲು, ಮುಂದೆ ಬರಿದಾದ ಕಪ್ಪು ಪಟ್ಟಿ. ವೆರಾಂಡಾದ ನಾಲ್ಕು ಬಲತಿರುವುಗಳನ್ನು ಒಂದೇ ಬೀಸಿನಲ್ಲಿ ಹಾಯ್ದು, ಬಂಗಲೋದಲ್ಲಿ ಬೆಟ್ಟದ ಟ್ರಾಮಿನ ಹಳಿಗಳನ್ನು ದಾಟಿ, ಕ್ರೆಗ್‌ನಿಬಾಕ್ಕೆ ಇಳಿದು, ಗವರ್ನರ್ಸ್ ಬ್ರಿಡ್ಜಿನ ಕಿರಿದಾದ ಮಡಿಕೆಯನ್ನು ಸುತ್ತಿ ಮುಗಿಸಿದ. 22 ನಿಮಿಷ 51 ಸೆಕೆಂಡು. ನಿಂತಲ್ಲಿಂದ ಹೊರಟ ಸುತ್ತು ಅದು. ಎರಡನೆಯದರಲ್ಲಿ ಆ ನಷ್ಟವಿಲ್ಲ. ಹದಿಮೂರು ಸೆಕೆಂಡು ಕೈಗೆಟಕುವಂಥದು.

ಎರಡನೆಯ ಸುತ್ತಿನಲ್ಲಿ ಮರಗಳ ಕೆಳಗೂ ರಸ್ತೆ ಒಣಗಿತ್ತು. ರಾಮ್ಸಿಯ ಹೊರಗೆ ತಮ್ಮನ ಗೆಳೆಯನೊಬ್ಬ ಹಲಗೆಯನ್ನು ಹಿಡಿದು ತೋರಿಸಿದ: ಹಿಂದಿನ ಸುತ್ತಿಗಿಂತ ಹದಿನಾರು ಸೆಕೆಂಡು ಮುಂದೆ. ಅಂದರೆ ನೂರು ಮೈಲಿಯ ಸುತ್ತು ಆಗಲೇ ಅವನ ಜೇಬಿನಲ್ಲಿತ್ತು. ಬೆಟ್ಟವನ್ನು ಮೊದಲಿನಂತೆ ಏರಿ ಇಳಿದರೆ ಸಾಕು.

ಗೂಸ್‌ನೆಕ್ಕಿನಲ್ಲಿ ಮುಖಕವಚದ ಮೇಲೆ ಒಂದು ಹನಿ ಬಿದ್ದಿತು. ನೊಣವೋ ನೀರೋ ತಿಳಿಯುವ ಮೊದಲು ಇನ್ನೆರಡು. ಗತ್ರಿಯ ಸ್ಮಾರಕದ ಬಳಿ ಮಾರ್ಷಲನೊಬ್ಬ ಹಳದಿಯ ಮೇಲೆ ಕೆಂಪು ಪಟ್ಟೆಗಳ ಬಾವುಟವನ್ನು ಹಿಡಿದಿದ್ದ: ನೆಲ ಜಾರುತ್ತದೆ. ಮೌಂಟನ್ ಮೈಲಿನ ಕೊನೆಯಲ್ಲಿ ಬಿಳಿಯ ಹೊದಿಕೆಯ ಅಂಚು ರಸ್ತೆಗೆ ಇಳಿಯುತ್ತಿರುವುದು ಕಂಡಿತು. ಮುಂದೆ ಇನ್ನೂರು ಮಾರು ದೂರದಲ್ಲಿದ್ದ ಸವಾರ ಅದರೊಳಕ್ಕೆ ವೇಗವನ್ನು ತಗ್ಗಿಸದೆ ಹೋದ. ಅವನ ಬೆನ್ನು ಬೂದಿಯ ಬಣ್ಣವಾಗಿ, ಆಮೇಲೆ ಇಲ್ಲವಾಯಿತು.

ಬಡಗಿ ಕೈಯನ್ನು ಸಡಿಲಿಸಿದ. ಮೊದಲು ತುಸು, ಆಮೇಲೆ ಪೂರ್ತಿ. ವೆರಾಂಡಾದ ಎರಡನೆಯ ತಿರುವಿನಲ್ಲಿ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ನೆಲವನ್ನು ಹಿಡಿಯಿತು. ಆ ಗೇಣಿನ ಆಚೆ ಹುಲ್ಲು, ಹುಲ್ಲಿನ ಆಚೆ ಏನೂ ಇಲ್ಲ. ಮೂವರು ಅವನನ್ನು ಹಿಂದಿಕ್ಕಿ ಹೋದರು. ಬಂಗಲೋದ ಹಳಿಗಳ ಮೇಲೆ ಅವನು ಮುದುಕಿಯೊಬ್ಬಳು ಸೈಕಲ್ಲು ತಳ್ಳಿಕೊಂಡು ಹೋಗುವಷ್ಟು ಮೆತ್ತಗೆ ಹೋದನೆಂದು ಮಾರ್ಷಲರು ನಕ್ಕಿರಬಹುದು. ಕೇಟ್ಸ್ ಕಾಟೇಜಿನ ಬಳಿ ಹೊದಿಕೆ ಹರಿದು ಕೆಳಗಿನ ಬಯಲು ಬಿಸಿಲಿನಲ್ಲಿ ಹೊಳೆಯಿತು. ಆ ಕೊನೆಯ ನಾಲ್ಕು ಮೈಲಿಯನ್ನು ಮಾತ್ರ ಅವನು ಕೋಪದಿಂದ ಓಡಿಸಿದ. ಅವನ ಹಿಂದೆ ಕೆಂಪು ಬಾವುಟ ಬಿದ್ದು ಪಂದ್ಯ ಅಲ್ಲಿಗೇ ನಿಂತಿತು. ಮೋಡ ಹೆಲಿಕಾಪ್ಟರಿಗೆ ಅಡ್ಡಬಂದಿತ್ತು. ಮಂಜಿನೊಳಗೆ ಮಾಯವಾದ ಆ ಸವಾರನೂ ಬಂದು ಸೇರಿದ. ಅವನ ಕಾಲವೂ ಬಹಳ ಚೆನ್ನಾಗಿತ್ತು.

ಬಡಗಿಯ ಎರಡನೆಯ ಸುತ್ತಿನ ಕಾಲ 23 ನಿಮಿಷ 40 ಸೆಕೆಂಡು. ನೂರೂ ಇಲ್ಲ, ಪ್ರತಿಕೃತಿಯೂ ಇಲ್ಲ. ತಮ್ಮ ಯಂತ್ರವನ್ನು ಹಿಡಿದುಕೊಂಡು, ಹಿಂದಿನ ಟೈರಿನ ಅಂಚನ್ನು ಬೆರಳಿನಿಂದ ಸವರಿ ನೋಡಿದ, ಏನನ್ನೂ ಕೇಳಲಿಲ್ಲ. ಫೋನಿನಲ್ಲಿ ಹೆಂಡತಿ ಮೊದಲು ಕೇಳಿದ್ದು ಹಡಗು ಎಷ್ಟು ಹೊತ್ತಿಗೆ ಎಂಬುದನ್ನು.

ಹಡಗಿಗೆ ಇನ್ನೂ ರಾತ್ರಿಯೆಲ್ಲ ಇತ್ತು. ರಾಮ್ಸಿಯಲ್ಲಿ ಹಲಗೆ ಹಿಡಿದಿದ್ದ ಗೆಳೆಯನನ್ನು ಕರೆತರಲು ಅಣ್ಣತಮ್ಮಂದಿರು ಸಂಜೆ ಏಳರ ಹೊತ್ತಿಗೆ ವ್ಯಾನಿನಲ್ಲಿ ಬೆಟ್ಟದ ರಸ್ತೆಯನ್ನೇ ಹಿಡಿದರು. ಬಾವುಟಗಳೂ ಇರಲಿಲ್ಲ, ಮೋಡವೂ ಇರಲಿಲ್ಲ. ಬಂಗಲೋದ ನಿಲ್ದಾಣದಲ್ಲಿ ಮಕ್ಕಳು ಹಳಿಗಳ ಮೇಲೆ ತೂಕ ಹಿಡಿದು ನಡೆಯುತ್ತಿದ್ದರು. ಪಶ್ಚಿಮಕ್ಕೆ ಐರ್ಲೆಂಡಿನ ಬೆಟ್ಟಗಳು, ಉತ್ತರಕ್ಕೆ ಸ್ಕಾಟ್ಲೆಂಡಿನ ತೀರ, ನಡುವೆ ತಾಮ್ರದ ತಗಡಿನಂತೆ ಕಡಲು ಎಲ್ಲವೂ ಕಾಣುತ್ತಿದ್ದುವು. ಬಡಗಿ ಅವುಗಳನ್ನು ನೋಡಲಿಲ್ಲ. ವೆರಾಂಡಾ ಬಂದಾಗ ಅವನು ವ್ಯಾನನ್ನು ನಿಧಾನ ಮಾಡಿ, ಕಿಟಕಿಯಿಂದ ತಲೆಯನ್ನು ಹೊರಕ್ಕೆ ಚಾಚಿ, ಎರಡನೆಯ ತಿರುವಿನ ನೆಲವನ್ನು ನೋಡಿದ. ಹಿಂದಿನ ಕಾರಿನವನು ಹಾರ್ನು ಮಾಡಿದ.